ಬಿದ್ದದ್ದಲ್ಲ, ಕುಂತದ್ದು

ವಯಸ್ಸಾದವರ ಮನೆಗೇ ಹೋಗಿ ಅವರಿಗೆ ಏಳೋದು, ಕೂರೋದು, ನಡೆಯೋದು ಕಲಿಸುವುದು ನನ್ನ ಕೆಲಸ. ಫಿಸಿಕಲ್ ಥೆರಪಿಸ್ಟ್ ಅಂತಾರೆ. ನಗು ಬರುವಂಥ ಕೆಲಸವಲ್ಲ. ಆದರೂ ವಾರಕ್ಕೊಮ್ಮೆ ಏನಾದರೊಂದು ನಡೆಯುತ್ತದೆ. ವಾಪಸ್ ನಾನಿರುವ ವುಡ್‌ಬ್ರಿಡ್ಜ್‌ಗೆ ಡ್ರೈವ್ ಮಾಡುವಾಗ ನಗಬೇಕೋ ಅಳಬೇಕೋ ತಿಳಿಯದೆ ರೇಡಿಯೊ ಹಾಕಿಕೊಳ್ಳುತ್ತೇನೆ. ಮನ್ರೋ ಊರಿನ ಒಂದು ಮನೆಯಲ್ಲಿ ಕಳೆದ ಚಳಿಗಾಲವಿಡೀ ಹೀಗೇ ಆಯಿತು.

೧. ಮೊದಲ ದಿನದ ಪ್ರಶ್ನೆ

ಆ ಮನೆಯ ಅಂಕಲ್ ಧಾರವಾಡದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಎಂಬತ್ತು ದಾಟಿದೆ. ಆಂಟಿಗೆ ಹೃದಯ ದುರ್ಬಲ, ಆಪರೇಷನ್ ತಡೆಯುವ ಶಕ್ತಿ ಇಲ್ಲ ಅಂತ ಡಾಕ್ಟರು ಕೈಬಿಟ್ಟಿದ್ದರು. ಮಗಳು ಸೀಕಾಕಸ್‌ನಲ್ಲಿ ಟ್ರೈನ್ ಬದಲಿಸಿ ದಿನಾ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವವಳು.

ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದಿದ್ದೀರಿ ಅಂತ ಕೇಳಿದೆ. ಒಮ್ಮೆಯೂ ಇಲ್ಲ ಅಂದರು, ಬೆನ್ನು ನೆಟ್ಟಗೆ ಮಾಡಿಕೊಂಡು. ಬಾತ್‌ರೂಮಿನಲ್ಲಿ ಒಮ್ಮೆ, ಗರಾಜಿನಲ್ಲಿ ಒಮ್ಮೆ ಅಂತ ಆಂಟಿ ಅಡುಗೆಮನೆಯಿಂದಲೇ ತಿದ್ದಿದರು. ಬಿದ್ದದ್ದು ಗೊತ್ತಾದರೆ ಮಗಳು ನರ್ಸಿಂಗ್ ಹೋಮಿಗೆ ಸೇರಿಸುತ್ತಾಳೆ ಅನ್ನೋ ಭಯ ಅವರಿಗೆ ಅಂತ ಆಮೇಲೆ ಮೆಲ್ಲಗೆ ಹೇಳಿದರು. ನಾನು ಫಾರ್ಮಿನಲ್ಲಿ ಎರಡು ಅಂತ ಬರೆದದ್ದನ್ನು ಅಂಕಲ್ ಬಗ್ಗಿ ನೋಡಿದರು.

"ತಂಗಿ, ಅದನ್ನ ಹೊಡದು ಹಾಕು. ಅದು ಬಿದ್ದದ್ದಲ್ಲ, ಕುಂತದ್ದು. ಏಳಾಕ ಸ್ವಲ್ಪ ತಡ ಆತು, ಅಷ್ಟ."

೨. ಮರ್ಯಾದೆಯ ಮಾತು

ಮಗಳು ಅವರ ಕೊರಳಿಗೆ ಒಂದು ಗುಂಡಿ ತೂಗುಹಾಕಿದಳು. ಒತ್ತಿದರೆ ನಡುಮನೆಯಲ್ಲಿಟ್ಟ ಡಬ್ಬಿಯೊಳಗಿಂದ ಯಾರೋ ಮಾತಾಡುತ್ತಾರೆ, ಬೇಕಾದರೆ ಆ್ಯಂಬುಲೆನ್ಸ್ ಕಳಿಸುತ್ತಾರೆ.

ಹಿಮ ಬಿದ್ದ ಒಂದು ಬೆಳಿಗ್ಗೆ ಆಂಟಿ ಪಕ್ಕದ ಮನೆಯವರ ಜೊತೆ ಡಾಕ್ಟರ ಹತ್ತಿರ ಹೋಗಿದ್ದರು. ಅಂಕಲ್ ರಗ್ಗಿನ ಅಂಚಿಗೆ ಕಾಲು ತೊಡರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಗುಂಡಿ ಒತ್ತಿದ್ದೇನೋ ಒತ್ತಿದರು. ಡಬ್ಬಿಯ ಹುಡುಗಿ ಇಂಗ್ಲಿಷಿನಲ್ಲಿ ಹೇಗಿದ್ದೀರಿ ಅಂತ ಕೇಳಿದಳು. ಯಾರಾದರೂ ಹಾಗೆ ಕೇಳಿದರೆ ಏನು ಉತ್ತರ ಕೊಡಬೇಕು ಅಂತ ಡ್ರಿಲ್ಲಿನ ಜೊತೆಗೇ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಮನುಷ್ಯ. ನೆಲದ ಮೇಲೆ ಬಿದ್ದುಕೊಂಡೇ, "ಐ ಆ್ಯಮ್ ಫೈನ್, ಥ್ಯಾಂಕ್ ಯೂ. ಹೌ ಆರ್ ಯೂ?" ಅಂದರಂತೆ. ತಾನೂ ಫೈನ್ ಅಂತ ಹೇಳಿ ಅವಳು ಫೋನು ಇಟ್ಟುಬಿಟ್ಟಳು.

ಆಂಟಿ ಬರುವವರೆಗೆ ಎರಡು ಗಂಟೆ ಹಾಗೇ ಬಿದ್ದಿದ್ದರು. ಮತ್ತೊಮ್ಮೆ ಯಾಕೆ ಒತ್ತಲಿಲ್ಲ ಅಂತ ಆಸ್ಪತ್ರೆಯಲ್ಲಿ ಕೇಳಿದೆ.

"ಆಕಿನೂ ಆರಾಮ ಅದಾಳ ಅಂದಮ್ಯಾಲ ಮತ್ತ ಯಾಕ ತ್ರಾಸ ಕೊಡೋದು?"

೩. ನಾಲ್ಕು ಹೆಜ್ಜೆ

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅಂಕಲ್ ಬೇರೆಯೇ ಮನುಷ್ಯ. ಊಟ ಬಿಟ್ಟರು, ತೋಳು ಕಡ್ಡಿಯಾಯಿತು. ಎದ್ದು ನಿಲ್ಲಿ ಅಂದರೆ ಗೋಡೆ ಕಡೆ ತಿರುಗುತ್ತಿದ್ದರು. ಸುಧಾರಣೆ ಕಾಣದಿದ್ದರೆ ಇನ್ಶೂರೆನ್ಸ್‌ನವರು ನಾನು ಬರುವುದನ್ನೇ ನಿಲ್ಲಿಸುತ್ತಾರೆ. ಫಾರ್ಮಿನಲ್ಲಿ ಪೇಷಂಟಿನ ಗುರಿ ಏನು ಅಂತ ಒಂದು ಸಾಲು ಇರುತ್ತದೆ. ದೇವಸ್ಥಾನಕ್ಕೆ ಹೋಗಬೇಕು, ಮೊಮ್ಮಗನ ಗ್ರ್ಯಾಜುಯೇಷನ್ ನೋಡಬೇಕು ಅಂತ ಜನ ಬರೆಸುತ್ತಾರೆ. ಅವರನ್ನೂ ಕೇಳಿದೆ. ಅವರು ಆಂಟಿಯ ಕಡೆ ತಿರುಗಿದರು.

"ನಾಕು ಹೆಜ್ಜಿ ನಡದ್ರ ಸಾಕು. ಇಕಿ ಹೋಗೋ ದಿನ ಹೆಗಲು ಕೊಡಬೇಕು."

ಅವತ್ತು ರಜೆ ಹಾಕಿದ್ದ ಮಗಳು ಎದ್ದು ಒಳಗೆ ಹೋದಳು. ನಾನು ಫಾರ್ಮಿನಲ್ಲಿ ನಾಲ್ಕು ಹೆಜ್ಜೆ ಅಂತಷ್ಟೇ ಬರೆದೆ. ಆಂಟಿ ಮಾತ್ರ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದರು.

ಅಂಕಲ್ ತಾವಾಗಿಯೇ ಕೈ ಚಾಚಿದರು. ನಾನು ಸೊಂಟಕ್ಕೆ ಬೆಲ್ಟ್ ಕಟ್ಟಿ ಎಬ್ಬಿಸಿದೆ. ತಿಂಗಳ ಮೇಲೆ ಮೊದಲ ಸಲ ಹೆಜ್ಜೆ ಇಟ್ಟರು. ಒಂದು, ಎರಡು, ಮೂರು, ನಾಲ್ಕು. ಕುರ್ಚಿಯಲ್ಲಿ ಕುಸಿದು, ಏದುಸಿರು ಬಿಡುತ್ತ ಹೆಂಡತಿಯನ್ನು ನೋಡಿದರು.

ಆಂಟಿ ಟವೆಲಿನಿಂದ ಅವರ ಹಣೆ ಒರೆಸಿದರು. "ಇಷ್ಟ್ಯಾಕ ಕಷ್ಟಪಡತೀರಿ? ಈ ದೇಶದಾಗ ಹೆಗಲು ಯಾರು ಕೇಳತಾರ? ಪೆಟ್ಟಿಗಿ ಗಾಲಿ ಮ್ಯಾಲ ಇಟ್ಟು ದೂಡಿಕೊಂಡು ಹೋಗತಾರ."

ಅಂಕಲ್ ಮುಖ ಗೆಲುವಾಯಿತು.

"ಹಂಗಾದ್ರ ಚಲೋ ಆತು ಬಿಡು. ನನಗೂ ಹಿಡಕೊಂಡು ನಡಿಯಾಕ ಒಂದು ಆಸರಾ ಸಿಕ್ಕಂಗಾತು."