ಕಡ್ಡಿಗೊಂದು ಕಾರ್ ಸೀಟು

ತೂಕ ಅಂದಾಜು ಮಾಡುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಮಗಿರಿಯ ಪಶು ಚಿಕಿತ್ಸಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಕುರಿಗಳಿಗೆ ಜಂತಿನ ಔಷಧಿ ಕುಡಿಸುತ್ತ ಬಂದವನು ನಾನು. ಡಾಕ್ಟರಲ್ಲ, ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಊರವರು ಮಾತ್ರ ಡಾಕ್ಟ್ರೇ ಎನ್ನುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಔಷಧಿ ಎಷ್ಟು ಎನ್ನುವುದು ಕುರಿಯ ತೂಕದ ಮೇಲೆ ನಿಂತಿರುತ್ತದೆ. ಹಾಗಾಗಿ ದೂರದಲ್ಲಿ ಒಂದು ಟಗರು ನಡೆದು ಬರುತ್ತಿದ್ದರೆ ನನ್ನ ಕಣ್ಣು ಅದರ ಕೊಂಬು ನೋಡುವುದಿಲ್ಲ. ಮೂವತ್ತೆಂಟೋ ನಲವತ್ತೋ ಎಂದು ಲೆಕ್ಕ ಹಾಕುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗಲೂ ಅಷ್ಟೇ. ಎದುರು ಸಾಲಿನ ನೆಂಟರನ್ನು ನೋಡುತ್ತ, ಇವರಿಗೆ ಎಷ್ಟು ಮಿಲಿ ಬೇಕಾದೀತು ಎಂದು ಯೋಚಿಸಿದ್ದುಂಟು. ಇಂಥ ನನಗೆ ನನ್ನ ಸ್ವಂತ ಮಗಳ ತೂಕ ಎಷ್ಟು ಎಂದು ತಿಳಿದುಕೊಳ್ಳಲು ಮೂರು ವಾರ ಹಿಡಿಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಮಗಳ ಹೆಸರು ಜನನ ಪ್ರಮಾಣಪತ್ರದಲ್ಲಿ ಧನ್ವಿ. ನಮ್ಮ ಅವ್ವ ಕರೆಯುವುದು ಕಡ್ಡಿ. ಹದಿನಾಲ್ಕು ತಿಂಗಳ ಈ ಕಡ್ಡಿಯ ತೊಡೆಯಲ್ಲಿ ಮೂರು ಮಡಿಕೆ ಇವೆ. ಮಣಿಕಟ್ಟಿನ ಹತ್ತಿರ ದಾರ ಬಿಗಿದು ಕಟ್ಟಿದ ಹಾಗೆ ಒಂದು ಗೆರೆ. ಕುತ್ತಿಗೆ ಇದೆ ಎಂದು ನಾವು ನಂಬಿದ್ದೇವೆ, ಸ್ನಾನ ಮಾಡಿಸುವಾಗ ಅವ್ವ ಒಬ್ಬಳೇ ಅದನ್ನು ನೋಡಿದ್ದು. ಹುಟ್ಟಿದಾಗ ನನ್ನ ಹೆಂಡತಿ ಶೈಲಜಾಳ ಅಣ್ಣ, ಹಸುಗೂಸುಗಳನ್ನು ಕಾರಿನಲ್ಲಿ ಮಲಗಿಸಿ ಕಟ್ಟುವ ಬುಟ್ಟಿಯಂಥ ಸೀಟು ಕೊಟ್ಟಿದ್ದ. ವರ್ಷವೆಲ್ಲ ಅದು ಚೆನ್ನಾಗಿಯೇ ನಡೆಯಿತು. ಹೋದ ತಿಂಗಳು ನೋಡಿದರೆ ಮಗಳ ತಲೆ ಬುಟ್ಟಿಯ ಅಂಚಿಗಿಂತ ಮೇಲೆ ಬಂದು ಸುತ್ತಮುತ್ತ ನೋಡುತ್ತಿತ್ತು. ಬೆಲ್ಟು ಎಷ್ಟು ಎಳೆದರೂ ಕೊಂಡಿಗೆ ಎಟುಕಲಿಲ್ಲ. ಇನ್ನು ಮುಂದಿನ ಸೀಟು ತರಲೇಬೇಕು.

ಇದೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ನಾವಿರುವುದು ಹೊಳಲ್ಕೆರೆಯಲ್ಲಿ. ಶೈಲಜಾಳ ತವರು ಹಿರಿಯೂರು. ಹದಿನೈದು ದಿನಕ್ಕೊಮ್ಮೆ ಚಿತ್ರದುರ್ಗ ದಾಟಿ, ಹೈವೇ ಹಿಡಿದು, ಒಂದಕ್ಕಿಂತ ಒಂದು ಉದ್ದನೆಯ ಲಾರಿಗಳ ನಡುವೆ ಅಲ್ಲಿಗೆ ಹೋಗಿ ಬರುತ್ತೇವೆ. ಹೊಸ ಸೀಟು ಬರುವ ತನಕ ಮಗು ಅವ್ವನ ತೊಡೆಯ ಮೇಲೆ. ಅವ್ವನ ಪ್ರಕಾರ ಲೋಕದಲ್ಲಿ ಅದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ. ನನಗೋ, ಪ್ರತಿ ಲಾರಿ ಪಕ್ಕಕ್ಕೆ ಬಂದಾಗಲೂ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು.

ಯಾವ ಸೀಟು ಎಂದು ತಿಳಿಯಲು ಫೋನು ಹಿಡಿದು ಕೂತೆ. ಆಗಲೇ ನನ್ನ ಕುತೂಹಲದ ಕಾಯಿಲೆ ಕೆರಳಿದ್ದು. ಒಂದು ಸೀಟು ಹದಿಮೂರು ಕೆಜಿಯ ತನಕ, ಇನ್ನೊಂದು ಹದಿನೆಂಟರ ತನಕ. ಎರಡರಲ್ಲೂ ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಬೇಕು. ಇದ್ಯಾಕಪ್ಪ ಎಂದು ತಲೆ ಕೆಡಿಸಿಕೊಂಡೆ. ಓದಿ ತಿಳಿದುಕೊಂಡು ಸುಮ್ಮನಿದ್ದರೆ ಅದು ನಾನಲ್ಲ. ಶೈಲಜಾ ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂರುವ ಚಕ್ರದ ಕುರ್ಚಿಯ ಮೇಲೆ ಒಂದು ಸೋರೆಕಾಯಿ ನಿಲ್ಲಿಸಿ, ಗೋಡೆಗೆ ಹೋಗಿ ಬಡಿಯುವಂತೆ ತಳ್ಳಿದೆ. ಕುರ್ಚಿಯ ಬೆನ್ನು ಗೋಡೆಯ ಕಡೆ ಇದ್ದಾಗ ಸೋರೆಕಾಯಿ ಬೆನ್ನಿಗೆ ಆತುಕೊಂಡು ಜಪ್ಪಯ್ಯ ಎನ್ನಲಿಲ್ಲ. ಕುರ್ಚಿಯ ಮುಂಭಾಗವನ್ನು ಗೋಡೆಯ ಕಡೆ ಮಾಡಿ ತಳ್ಳಿದಾಗ ಅದು ಹಾರಿ ಹೋಗಿ ಗೋಡೆಗೆ ಬಡಿದು ಎರಡು ಹೋಳಾಯಿತು. ಸೋರೆಕಾಯಿಗೆ ಮಗುವಿನಂತೆ ದೊಡ್ಡ ತಲೆ ಬೇರೆ ಇಲ್ಲ! ನಾನು ನೆಲಕ್ಕೆ ಕೂತು ಹೋಳುಗಳನ್ನು ಆಯುತ್ತಿದ್ದೆ. ಅವ್ವ ಬಂದು, “ಪಲ್ಯಕ್ಕೆ ಹೆಚ್ಚೋದು ಹಿಂಗೇನೋ?” ಎಂದಳು.

ಸರಿ, ಹಿಂದಕ್ಕೆ ಮುಖ ಎಂದು ತೀರ್ಮಾನವಾಯಿತು. ಇನ್ನು ಹದಿಮೂರೋ ಹದಿನೆಂಟೋ? ಅದಕ್ಕೆ ಮಗಳ ತೂಕ ಗೊತ್ತಿರಬೇಕಲ್ಲ. ಇಲ್ಲಿಂದ ಶುರುವಾಯಿತು ನೋಡಿ ಪಡಿಪಾಟಲು.

ಅವ್ವ ಹುಟ್ಟಿ ಬೆಳೆದದ್ದು ಹೊಸದುರ್ಗದ ಕಡೆ, ಶ್ರೀರಾಂಪುರದ ಹತ್ತಿರ, ಕುರಿ ಸಾಕುವ ಮನೆಯಲ್ಲಿ. ಆ ಮನೆಗಳಲ್ಲಿ ಕುರಿಯನ್ನು ಯಾರೂ ಬಾಯಿಬಿಟ್ಟು ಎಣಿಸುವುದಿಲ್ಲ. ಲಸಿಕೆ ಹಾಕಲು ಹೋದಾಗ ನಮ್ಮ ಸೋದರಮಾವನನ್ನು, “ಎಷ್ಟು ಕುರಿ ಅವೆ ಮಾವ?” ಎಂದು ಕೇಳಿದರೆ, “ಅವೆ ಒಂದೀಟು” ಎನ್ನುತ್ತಾನೆ. ಹೆಚ್ಚು ಒತ್ತಾಯ ಮಾಡಿದರೆ ಅರವತ್ತು ಎನ್ನುತ್ತಾನೆ. ಹಟ್ಟಿಯಿಂದ ತೊಂಬತ್ತು ಕುರಿ ಹೊರಗೆ ಬರುತ್ತವೆ. ಎಣಿಸಿದರೆ ಕರಗುತ್ತವೆ, ಹೊಗಳಿದರೆ ಸೊರಗುತ್ತವೆ ಎಂಬ ಭಯ. ನಾನು ಯಾವಾಗಲೂ ಒಂದೂವರೆ ಪಟ್ಟು ಲಸಿಕೆ ಒಯ್ಯುತ್ತೇನೆ, ಇದುವರೆಗೂ ಉಳಿದದ್ದಿಲ್ಲ. ಕೂಸುಗಳ ವಿಷಯದಲ್ಲೂ ಅವ್ವನದು ಇದೇ ಕಾನೂನು. ತೂಗಬಾರದು, ಅಳೆಯಬಾರದು, ಯಾರಾದರೂ ದಪ್ಪಗಿದೆ ಎಂದರೆ ತಕ್ಷಣ, “ಎಲ್ಲಿ ತಾಯಿ, ಹಾಲೇ ಮುಟ್ಟಲ್ಲ” ಎಂದು ಅನ್ನಬೇಕು. ನಾನು ಓದಿದವನು, ವಿಜ್ಞಾನದ ಪಕ್ಷದವನು, ಇದನ್ನೆಲ್ಲ ಕೇಳಿ ಎಷ್ಟೋ ಸಲ ನಕ್ಕಿದ್ದೇನೆ.

ಮೊದಲು ಲಸಿಕೆಯ ಕಾರ್ಡು ತೆಗೆದು ನೋಡಿದೆ. ಅದರ ಪ್ರಕಾರ ನನ್ನ ಮಗಳು ಎಂಟನೆಯ ತಿಂಗಳಿಗೂ ಒಂಬತ್ತನೆಯ ತಿಂಗಳಿಗೂ ನಡುವೆ ಅರ್ಧ ಕೆಜಿ ಇಳಿದಿದ್ದಳು. ಗಾಬರಿಯಾಗಿ ಶೈಲಜಾಳನ್ನು ಕೇಳಿದೆ.

“ಅತ್ತೇನ್ನೇ ಕೇಳ್ರಿ,” ಎಂದಳು ಅವಳು, ನಗು ತಡೆದುಕೊಂಡು. “ತೂಗೋವಾಗ ತಕ್ಕಡಿಗೆ ನೇತುಹಾಕಿದ್ ಬಟ್ಟೆ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದಿದ್ರು. ಆ ಸಿಸ್ಟರ್ ಪಾಪ, ಅಜ್ಜಿ ಸೀರೆ ಸೆರಗಿನೊಳಗೆ ಏನ್ ಮಾಡ್ತದೆ ಅಂತ ಹೆಂಗೆ ನೋಡ್ತಾರೆ?”

ಅಂದರೆ ಆ ಕಾರ್ಡಿನಲ್ಲಿ ದಾಖಲಾಗಿರುವುದು ಮಗುವಿನ ಬೆಳವಣಿಗೆಯಲ್ಲ, ಅವ್ವನ ತೋಳಿನ ಬಲ! ಅದನ್ನು ಮಡಿಚಿಟ್ಟೆ. ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ಎದೆ ಸುತ್ತಳತೆ, ಉದ್ದ ತೆಗೆದು ದನಗಳ ತೂಕ ಲೆಕ್ಕ ಹಾಕುವ ಟೇಪು ತಂದು, ಮೊದಲು ಉದ್ದಕ್ಕೆ ಮೆಲ್ಲಗೆ ಹಾಸಿದೆ. ಕಾಲಿನ ತನಕವೂ ಹೋಗಿರಲಿಲ್ಲ, ಬಾಗಿಲಲ್ಲಿ ಅವ್ವ.

“ಲೇ! ಮಲಗಿರೋ ಕೂಸನ್ನ ತಲೆಯಿಂದ ಕಾಲ್ತನಕ ಅಳೀತಾರೇನೋ? ಮಲಗಿದೋರನ್ನ ಯಾವಾಗ ಅಳೀತಾರೆ ಗೊತ್ತೈತೇನು ನಿಂಗೆ?”

ಗೊತ್ತಿತ್ತು. ಗುಂಡಿ ತೋಡುವ ಮೊದಲು. ನೆನಪಾದ ಕೂಡಲೇ ಟೇಪು ಸುತ್ತಿಕೊಂಡು ಹೊರಗೆ ಬಂದೆ. ವಿಜ್ಞಾನಕ್ಕೂ ಒಂದು ಮರ್ಯಾದೆ ಇರುತ್ತದೆ.

ಆಮೇಲೆ ಅವ್ವ ಬಟ್ಟೆ ಒಣಹಾಕಲು ಮಹಡಿಗೆ ಹೋದ ಸಮಯ ನೋಡಿ, ಮನೆಯಲ್ಲಿದ್ದ ಮುಳ್ಳಿನ ತೂಕದ ಯಂತ್ರದ ಮೇಲೆ ಮಗಳನ್ನು ಎತ್ತಿಕೊಂಡು ನಿಂತೆ. ಇಬ್ಬರ ತೂಕದಲ್ಲಿ ನನ್ನದನ್ನು ಕಳೆದರೆ ಮುಗಿಯಿತು, ಮೂರನೆಯ ಕ್ಲಾಸಿನ ಲೆಕ್ಕ. ಆದರೆ ಬಗ್ಗಿ ನೋಡಿದರೆ ಮುಳ್ಳು ಕಾಣಲಿಲ್ಲ. ಮಗಳು ಅಡ್ಡ ಬಂದಳೇನೋ ಎಂದು ಅವಳನ್ನು ಪಕ್ಕಕ್ಕೆ ಸರಿಸಿದೆ. ಅಡ್ಡ ಇದ್ದದ್ದು ನನ್ನ ಹೊಟ್ಟೆ. ಶೈಲಜಾ ನೆಲಕ್ಕೆ ಕೂತು, “ತೊಂಬತ್ತೇಳು… ಅಲ್ಲಾಡಬೇಡ್ರಿ… ತೊಂಬತ್ತೈದು” ಎಂದು ಓದಿದಳು. ನಾನೊಬ್ಬನೇ ನಿಂತೆ. ಅವಳು ಮುಳ್ಳನ್ನು ಬಹಳ ಹೊತ್ತು ನೋಡಿ, “ನಿಮ್ಮದನ್ನ ಹೇಳ್ಲಾ, ಬೇಡ್ವಾ?” ಎಂದಳು. ಕೊನೆಗೆ ಮಗಳ ತೂಕ ಹತ್ತಕ್ಕೂ ಹದಿಮೂರಕ್ಕೂ ನಡುವೆ ಎಲ್ಲೋ ಇದೆ ಎಂದಾಯಿತು. ನನ್ನ ಊಟದಲ್ಲಿ ಮುದ್ದೆ ಒಂದು ಕಡಿಮೆಯಾದದ್ದೂ ಅಂದಿನಿಂದಲೇ.

ಕೊನೆಗೆ ಉಪಾಯ ಮಾಡಿದವಳು ಶೈಲಜಾ. ಒಂದು ಶನಿವಾರ ಬೆಳಿಗ್ಗೆ ತನ್ನ ಶಾಲೆಗೆ ಮಗಳನ್ನು ಕರೆದೊಯ್ದು, ಅಲ್ಲಿನ ಅಂಕಿ ತೋರಿಸುವ ಯಂತ್ರದಲ್ಲಿ ತೂಗಿಸಿ ತಂದಳು. ಹನ್ನೊಂದು ಕೆಜಿ ನಾನೂರು ಗ್ರಾಂ. ಗಂಡ ಹೆಂಡತಿ ಅಡುಗೆಮನೆಯಲ್ಲಿ ಕುಕ್ಕರಿನ ಸದ್ದಿನ ಮರೆಯಲ್ಲಿ ಈ ಗುಟ್ಟನ್ನು ಹಂಚಿಕೊಂಡೆವು. ಹಾಗಾದರೆ ಹದಿಮೂರರ ಸೀಟು ಆರು ತಿಂಗಳ ಮೇಲೆ ಬಾಳುವುದಿಲ್ಲ, ಹದಿನೆಂಟರದ್ದೇ ಆಗಬೇಕು. ಮರುದಿನವೇ ಚಿತ್ರದುರ್ಗಕ್ಕೆ ಹೋಗಾಣ ಎಂದುಕೊಂಡೆವು. ಅವ್ವ ತಾನೂ ಬರುತ್ತೇನೆಂದು ಹೊರಟಳು. “ನನ್ನ ತೊಡೆಗಿಂತ ಮೆತ್ತಗೆ ಅದೇನೈತೋ ನೋಡೇಬಿಡ್ತೀನಿ” ಎನ್ನುವುದು ಅವಳ ಹಠ.

ಭಾನುವಾರ ಹತ್ತು ಗಂಟೆ. ಅವ್ವ ಹಿಂದೆ, ಮಗಳು ಅವಳ ತೊಡೆಯ ಮೇಲೆ, ಶೈಲಜಾ ಅವ್ವನ ಪಕ್ಕದಲ್ಲಿ. ದುರ್ಗ ಇನ್ನೇನು ಹತ್ತು ಹನ್ನೆರಡು ಕಿಲೋಮೀಟರು ಇರುವಾಗ, ಹಿರೇಗುಂಟನೂರು ಕಡೆಯದೋ ಏನೋ, ಒಂದು ಕುರಿ ಮಂದೆ ರಸ್ತೆ ಪಕ್ಕ ಮೇಯುತ್ತ ಹೋಗುತ್ತಿತ್ತು. ಅದರಲ್ಲೊಂದು ಕುರಿ ಏನು ತಿಳಿಯಿತೋ, ಸರಕ್ಕನೆ ರಸ್ತೆಗೆ ಬಂತು. ಬ್ರೇಕು ಒತ್ತಿದೆ. ನಾನೇನೂ ಜೋರಾಗಿ ಓಡಿಸುತ್ತಿರಲಿಲ್ಲ, ಕಾರು ಕುರಿಯಿಂದ ಮಾರು ದೂರದಲ್ಲಿ ನಿಂತಿತು. ಹಿಂದೆ ಮಗಳು ಕಿಟಾರನೆ ಕಿರುಚಿದಳು.

ತಿರುಗಿ ನೋಡಿದರೆ ಅವಳು ಅವ್ವನ ತೊಡೆಯ ಮೇಲೆ ಇರಲಿಲ್ಲ. ಜಾರಿ, ನನ್ನ ಸೀಟಿನ ಬೆನ್ನಿಗೆ ಬಡಿದು, ಕಾಲು ಇಡುವ ಜಾಗಕ್ಕೆ ಬಿದ್ದಿದ್ದಳು. ಅವ್ವನ ಕೈಯಲ್ಲಿ ಫ್ರಾಕಿನ ತುದಿ ಮಾತ್ರ ಇತ್ತು. ಶೈಲಜಾ ಎತ್ತಿಕೊಂಡಳು. ಹಣೆ, ಕೈ, ಕಾಲು ಎಲ್ಲ ನೋಡಿದೆವು. ಏನೂ ಆಗಿರಲಿಲ್ಲ, ಅವಳ ಕೈಲಿದ್ದ ಬಿಸ್ಕತ್ತು ಬಿದ್ದುಹೋದದ್ದಕ್ಕೇ ಹೆಚ್ಚು ಅತ್ತಳು. ಸೋರೆಕಾಯಿ ಒಡೆದ ದಿನವೇ ಹೋಗಿ ದೊಡ್ಡ ಸೀಟು ತರುವುದು ಬಿಟ್ಟು, ಗ್ರಾಂ ಲೆಕ್ಕ ಹಾಕುತ್ತ ಮೂರು ವಾರ ಕಳೆದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. “ಗಟ್ಟಿಯಾಗೇ ಹಿಡ್ಕಂಡಿದ್ದೆ ಮಗಾ,” ಎಂದಳು. “ಕೈಲಿ ನಿಲ್ಲಲಿಲ್ಲ.”

ಆಮೇಲೆ ದುರ್ಗ ಸೇರುವ ತನಕ ಅವಳು ಮೊಮ್ಮಗಳ ಕಾಲನ್ನು ಹಿಡಿದ ಕೈ ಬಿಡಲಿಲ್ಲ. ನಾನು ಇಪ್ಪತ್ತರ ವೇಗದಲ್ಲಿ ಓಡಿಸಿದೆ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ, ಹಿಂದಿರುಗಿ ನೋಡಿದರು.

ಅಂಗಡಿಯಲ್ಲಿ ಮಕ್ಕಳ ಸಾಮಾನು ಚಾವಣಿಯ ತನಕ ಪೇರಿಸಿತ್ತು. ಅಂಗಡಿಯವರು ನನ್ನ ವಯಸ್ಸಿನವರೇ, ಕಿವಿಯ ಮೇಲೆ ಪೆನ್ನು. “ಬರ್ರಿ ಸಾರ್, ಕುಂತ್ಕಳ್ರಿ ಅಮ್ಮ” ಎಂದು ಅವ್ವನಿಗೆ ಸ್ಟೂಲು ಕೊಟ್ಟರು. ನಾನು ಒಂದೊಂದೇ ಸೀಟು ತಿರುಗಿಸಿ, ತಲೆಯ ಪಕ್ಕದ ದಿಂಬು ಒತ್ತಿ, ಕೊಂಡಿ ಹಾಕಿ ತೆಗೆದು, ಮಗಳಿಗಿಂತ ಹೆಚ್ಚು ಉತ್ಸಾಹದಲ್ಲಿ ಆಡುತ್ತಿದ್ದೆ. ಆಗ ಪಕ್ಕದಲ್ಲಿ ಜೋಲಿ ನೋಡುತ್ತಿದ್ದ ಹೆಂಗಸೊಬ್ಬರು ನಮ್ಮ ಕಡೆ ತಿರುಗಿದರು.

“ಅಯ್ಯೋ ಶಿವನೇ, ಎಷ್ಟ್ ಗುಂಡ್‌ಗುಂಡಗೆ ಐತ್ರಿ ಕೂಸು! ಏನ್ ತಿನ್ನಿಸ್ತೀರಿ? ನಮ್ಮದು ಎರಡು ವರ್ಷ ಆದ್ರೂ ಹಿಂಗಿಲ್ಲ ನೋಡ್ರಿ!” ಎಂದು ಮಗಳನ್ನು ತಲೆಯಿಂದ ಕಾಲಿನ ತನಕ ಕಣ್ಣು ತುಂಬ ನೋಡಿದರು. ಅವರ ಜೊತೆಗಿದ್ದ ಇಬ್ಬರೂ ಬಂದು ನೋಡಿದರು.

ಇದೇ ಹೊತ್ತಿಗೆ ಅಂಗಡಿಯವರು ಕೇಳಿದರು. “ಪಾಪು ಎಷ್ಟು ಕೆಜಿ ಐತೆ ಸಾರ್?”

“ಒಂಬತ್ತು,” ಎಂದೆ.

ಹೇಗೆ ಬಂತೋ ಆ ಮಾತು, ನನಗೇ ಗೊತ್ತಿಲ್ಲ. ಅಷ್ಟಕ್ಕೇ ನಿಲ್ಲಿಸದೆ, “ಒಂಬತ್ತೂ ತುಂಬಿಲ್ಲ ಅನ್ರಿ. ಹಾಲೇ ಮುಟ್ಟಲ್ಲ,” ಎಂದೂ ಸೇರಿಸಿದೆ. ಶೈಲಜಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

“ಒಂಬತ್ತಾ? ಹಂಗಾದ್ರೆ ಹದಿಮೂರರದ್ದೇ ಸಾಕು ಬಿಡ್ರಿ, ಎರಡು ವರ್ಷ ಆರಾಮ್ ಬರ್ತೈತೆ,” ಎಂದು ಅಂಗಡಿಯವರು ಚಿಕ್ಕ ಸೀಟಿಗೆ ಕೈ ಹಾಕಿದರು. ಬೇಡ ಎನ್ನಲು ಬಾಯಿ ತೆರೆದೆ. ಆ ಮೂವರು ಹೆಂಗಸರೂ ನನ್ನ ಮಗಳನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಸ್ಟೂಲಿನಿಂದ ಅವ್ವ ಎದ್ದು ನಿಂತಳು.

“ಅದನ್ನ ಇಡಪ್ಪ ಅಲ್ಲೇ,” ಎಂದಳು. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. “ಹನ್ನೊಂದೂವರೆ ಕೆಜಿ ಐತೆ ನನ್ನ ಮೊಮ್ಮಗಳು. ಒಂದು ನೂರು ಗ್ರಾಂ ಹಿಂದೆ ಮುಂದೆ. ದಿನಾ ಎತ್ತೋಳು ನಾನು, ನಂಗ್ ಗೊತ್ತಿಲ್ವಾ? ತಿಂಗಳಿಗೆ ಕಾಲು ಕೆಜಿ ಮೇಲೇ ಏರ್ತಾಳೆ. ಅದಕ್ಕೆ ತಕ್ಕನಾಗಿ ಗಟ್ಟಿ ಇರೋದು ಕೊಡು. ನನ್ನ ಕೈಯಾಗೆ ನಿಲ್ಲದ ಕೂಸು, ಅದರಾಗೆ ನಿಲ್ಲಬೇಕು.”

ಆಮೇಲೆ ನನ್ನ ಕಡೆ ತಿರುಗಿ, “ಜನಕ್ಕೆ ಸುಳ್ಳು ಹೇಳು ಬೇಕಾದ್ರೆ. ಸೀಟಿಗೆ ಯಾಕಲೇ ಸುಳ್ಳು ಹೇಳ್ತೀಯ?” ಎಂದಳು.

ಮೂರು ವಾರ ಟೇಪು, ಮುಳ್ಳು, ಅಂಕಿ ಎಂದು ಒದ್ದಾಡಿ ನಾವು ಹಿಡಿದ ತೂಕ ಅವಳ ತೋಳಿಗೆ ದಿನವೂ ಗೊತ್ತಿತ್ತು. ಒಂದು ವರ್ಷದಿಂದ ಬಚ್ಚಿಟ್ಟು ಕಾಪಾಡಿದ್ದನ್ನು ಮೂವರು ಅಪರಿಚಿತರ ಎದುರು ಆಕೆ ಬಾಯಿಬಿಟ್ಟು ಹೇಳಿದ್ದಳು. ಹೇಳಿದ ಕೂಡಲೇ ಮೊಮ್ಮಗಳ ಮುಖಕ್ಕೆ ಸೆರಗು ಮರೆ ಹಿಡಿದಳು.

ಅಂಗಡಿಯವರು ಹದಿನೆಂಟರ ಸೀಟು ಇಳಿಸಿದರು. ಮಗಳನ್ನು ಅವ್ವನೇ ಅದರಲ್ಲಿ ಕೂರಿಸಿ, ಬೆಲ್ಟಿನೊಳಗೆ ಬೆರಳು ತೂರಿಸಿ, ಎರಡು ಸಲ ಎಳೆದು ನೋಡಿದಳು. ಅಂಗಡಿಯವರು ಗ್ಯಾರಂಟಿ ಕಾರ್ಡು ತುಂಬಲು ಕಿವಿಯ ಮೇಲಿನ ಪೆನ್ನು ತೆಗೆದರು. ಹೆಸರು ಬರೆದರು, ತಿಂಗಳು ಬರೆದರು, ತೂಕದ ಜಾಗಕ್ಕೆ ಬಂದು ನಿಲ್ಲಿಸಿ ನನ್ನ ಮುಖ ನೋಡಿದರು.

“ಏನ್ ಬರೀಲಿ ಸಾರ್? ಅಮ್ಮ ಹೇಳಿದ್ದಾ, ನೀವ್ ಹೇಳಿದ್ದಾ?”

ಆ ಹೆಂಗಸರು ಜೋಲಿ ಕಟ್ಟಿಸಿಕೊಂಡು, ಮೆಟ್ಟಿಲಿಳಿದು, ರಸ್ತೆ ದಾಟುವ ತನಕ ಕಾದೆ. ಆಮೇಲೆ ಸಣ್ಣ ದನಿಯಲ್ಲಿ, “ಅಮ್ಮ ಹೇಳಿದ್ದೇ ಬರ್ಕಳ್ರಿ,” ಎಂದೆ.