ಅತ್ತೆಯ ಸೊಂಟ, ನನ್ನ ಕಾಲು

ನನ್ನ ಅತ್ತೆ ನನ್ನನ್ನು ಸೊಸೆಯಾಗಿ ತಂದುಕೊಂಡದ್ದು ಕೈಯಿಂದ ರೊಟ್ಟಿ ಬಡಿಸಿಕೊಳ್ಳುವುದಕ್ಕಲ್ಲ, ಕಾಲಿನಿಂದ ಒದೆಸಿಕೊಳ್ಳುವುದಕ್ಕೆ! ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಅತ್ತೆಗೋ ವರ್ಷಗಟ್ಟಲೆಯ ಸೊಂಟನೋವು. ಹೆಣ್ಣು ನೋಡಲು ಬಂದವರು ಹಾಡು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಸೀರೆಯ ನಿರಿಗೆ ಸರಿಸಿ ನನ್ನ ಪಾದ ನೋಡಿದರು. ಕಾಲುಂಗುರದ ಅಳತೆಗೆ ಇರಬೇಕೆಂದು ನಾನು ನಾಚಿಕೊಂಡೆ. ಎಂಥ ಮರುಳು!

ನರೋಣಾದ ಆ ಮನೆ ತುಂಬಿದ ಮರುದಿನವೇ ಕೆಲಸ ಶುರುವಾಯಿತು. ಬೆಳಗಾದರೆ ಅತ್ತೆ ಕಂಬ ಹಿಡಿದು ಬೆನ್ನು ತಿರುಗಿಸಿ ನಿಲ್ಲುವರು. ನಾನು ಒದೆಯಬೇಕು. ಒದ್ದಮೇಲೆ, ಹಿರಿಯರಿಗೆ ಕಾಲು ತಾಗಿಸಿದ ತಪ್ಪಿಗೆ, ಅವರ ಕಾಲಿಗೇ ಬೀಳಬೇಕು. ಮೆಲ್ಲಗೆ ಒದ್ದರೆ, ತವರಿನಲ್ಲಿ ಉಣ್ಣಲು ಹಾಕಿಲ್ಲವೇನು ಎಂದು ಬೈಗುಳ. ಸಿಟ್ಟಿನಿಂದ ಜೋರಾಗಿ ಒದ್ದರೆ ಆಶೀರ್ವಾದ! ಇಂಥವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದಾದರೂ ಹೇಗೆ, ನೀವೇ ಹೇಳಿ. ಸಾಲದ್ದಕ್ಕೆ ಗಾಣಗಾಪುರಕ್ಕೆ ಹೊರಟ ಸೊಂಟ ಹಿಡಿದ ಯಾತ್ರಿಕರನ್ನೂ ದಾರಿಯಲ್ಲಿ ತಡೆದು ಕರೆತಂದು ನನ್ನ ಮುಂದೆ ನಿಲ್ಲಿಸುತ್ತಿದ್ದರು.

ನಾನು ಬಸುರಿಯಾದೆ. ಇನ್ನು ಒದೆಯುವುದಿಲ್ಲ ಎಂದು ಹಟ ಹಿಡಿದು, ಗಂಡನಿಂದ ಗಾಡಿ ಕಟ್ಟಿಸಿ, ಅತ್ತೆಯನ್ನು ಆಳಂದದ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಒದೆಯ ಕಥೆಯನ್ನೆಲ್ಲ ನಗದೆ ಕೇಳಿದರು. ಕುಡಿಯಲು ಔಷಧಿ ಕೊಟ್ಟರು. ಹಲಗೆಯ ಮೇಲೆ ಮಲಗಬೇಕು, ಬಿಸಿ ಉಸುಕಿನ ಶಾಖ ಕೊಡಬೇಕು, ದಿನಾ ಕಸರತ್ತು ಮಾಡಬೇಕು, ಬಗ್ಗಬಾರದು, ಒದೆಸಿಕೊಳ್ಳಲಂತೂ ಕೂಡದು ಎಂದರು.

"ನೋವು ಪೂರಾ ಹೋಗೂದಿಲ್ರಿ ಅವ್ವಾ. ಆದ್ರ ನಾ ಹೇಳಿದಂಗ ಮಾಡಿದ್ರ ಮೊಮ್ಮಗೂನ ಎತ್ತಿ ಆಡಸ್ತೀರಿ."

ಅತ್ತೆ ದಾರಿಯುದ್ದಕ್ಕೂ ಅವರನ್ನು ಬೈದರು. ಔಷಧಿಯನ್ನೇನೋ ಕುಡಿದರು, ಹಲಗೆಯ ಮೇಲೆ ಮೆಣಸಿನಕಾಯಿ ಒಣಗಹಾಕಿದರು! ಮುಂದಿನ ಸಲ ಹೋದಾಗ ಡಾಕ್ಟರು ಕೋಟು ಬಿಚ್ಚಿಟ್ಟು, ತಾವೇ ಚಾಪೆಯ ಮೇಲೆ ಮಲಗಿ, ಮೊಣಕಾಲನ್ನು ಎದೆಗೆ ತಂದು ಕಸರತ್ತು ತೋರಿಸಿದರು. ಅತ್ತೆ ಕಣ್ಣರಳಿಸಿ ನೋಡಿ, ಪಾಪ, ಇವರಿಗೂ ಯಾರಾದರೂ ಒದೆಯಬೇಕಿತ್ತು ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಪುಣ್ಯಾತ್ಮ ಮಾತ್ರ ಮಲಗಿದಲ್ಲೇ ಇನ್ನೊಂದು ಮೊಣಕಾಲು ಎತ್ತಿದರು.

ಮನೆಗೆ ಬಂದ ಅತ್ತೆ ನನ್ನ ಹೊಟ್ಟೆ ನೋಡಿ ಲೆಕ್ಕ ಹಾಕಿದರು. "ಕೂಸೂ ಕಾಲು ಮುಂದ ಮಾಡಿ ಬರ್ಲಿ. ನೀ ಒದೀದಿದ್ರ ಅದು ಒದೀತದ." ಆಮೇಲೆ ನಾನು ಅವರೊಡನೆ ಮಾತು ಬಿಟ್ಟೆ. ಹುಟ್ಟದ ಕೂಸಿಗೂ ಕೆಲಸ ಗೊತ್ತುಮಾಡುವ ಅಜ್ಜಿಯ ಹತ್ತಿರ ಏನು ಮಾತು?

ಹೆರಿಗೆಯ ದಿನ ಸೂಲಗಿತ್ತಿ ಮುಟ್ಟಿ ನೋಡಿ, ಕೂಸಿನ ಕಾಲು ಮುಂದಿದೆ, ಇಬ್ಬರೂ ಉಳಿಯುವುದು ಕಷ್ಟ ಎಂದಳು. ನೋವಿನ ನಡುವೆಯೂ ನನಗೆ ಸಿಟ್ಟು ಬಂತು: ಆಯಿತಲ್ಲ, ಅತ್ತೆ ಬೇಡಿದ್ದೇ ಆಯಿತಲ್ಲ! ಆಗ ಬಾಗಿಲಾಚೆ ಅತ್ತೆ ದೇವರನ್ನು ಬೈಯುವುದು ಕೇಳಿಸಿತು. "ನಾ ಬೇಡಿದ್ದು ಬ್ಯಾಡಂದ್ರ ಬ್ಯಾಡ. ನನ್ನ ಸೊಂಟ ಮುರದು ಹಾಕು. ಇವರಿಬ್ರನ್ನ ಉಳಿಸು."

ಉಳಿದೆವು. ಹೆಣ್ಣುಕೂಸು, ಕಾಲು ಮುಂದಾಗಿಯೇ ಬಂತು. ಸುದ್ದಿ ಕೇಳಿ ಪಕ್ಕದ ಓಣಿಯವನೊಬ್ಬ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದ. ಕೂಸಿನ ಕಾಲು ಒಂದು ಸಲ ತಾಗಿಸಿದರೆ ಸಾಕೆಂದ. ಅತ್ತೆ ಪೊರಕೆ ಎತ್ತಿಕೊಂಡರು. "ನನ್ನ ಮೊಮ್ಮಗಳ ಕಾಲು ನಡ್ಯಾಕ ಅದಾವ, ಒದ್ಯಾಕಲ್ಲ. ದವಾಖಾನಿಗಿ ನಡಿ!"

ಅಂದೇ ಹಲಗೆಯ ಮೇಲಿನ ಮೆಣಸಿನಕಾಯಿ ಚೀಲ ಸೇರಿತು. ಒಂದೊಂದು ಮೊಣಕಾಲಿಗೂ ಡಾಕ್ಟರನ್ನು ಬೈಯುತ್ತ ಅತ್ತೆ ಕಸರತ್ತು ಮಾಡಿದರು. ತೊಟ್ಟಿಲು ಹಾಕುವ ಹೊತ್ತಿಗೆ ಕೂಸನ್ನು ತಾವೇ ಎತ್ತಿಕೊಂಡರು.

ನನಗೆ ಬಾಣಂತಿ ನೀರು ಎರೆಯುವ ದಿನ ಎಣ್ಣೆಯ ಬಟ್ಟಲು ಹಿಡಿದು ಬಂದು ನೆಲಕ್ಕೆ ಕುಳಿತರು. ಕುಳಿತು, ಬಗ್ಗಿ, ನನ್ನ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಗದರಿದೆ. ಬಗ್ಗಬೇಡಿ ಎಂದು ಡಾಕ್ಟರು ಹೇಳಲಿಲ್ಲವೇ?

ಅತ್ತೆ ತಲೆ ಎತ್ತಲಿಲ್ಲ.

"ಸುಮ್ನ ಕೂಡಬೇ. ಈ ಕಾಲು ಭಾಳ ದಣದಾವ."