ಮುಟ್ಟುವ ಮುಂಚೆ ನನ್ನನ್ನು ಕೇಳಿ

ರಿಟೈರ್ ಆದವರನ್ನು ಯಾರೂ ಕೇಳುವುದಿಲ್ಲ ಅಂತಾರೆ. ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಆ ನೆಮ್ಮದಿಯೂ ಇಲ್ಲ. ಮೇನ್‌ಫ್ರೇಮ್ ಎಂಬ ದೊಡ್ಡ ಹಳೇ ಕಂಪ್ಯೂಟರುಗಳು ನಮ್ಮನ್ನು ಬಿಟ್ಟರೆ ತಾನೇ!

ಫೋನು

ಮಾರತ್ತಹಳ್ಳಿಯ ಫ್ಲ್ಯಾಟಿನಲ್ಲಿ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. ಫೋನಿನಲ್ಲಿ ಒಬ್ಬ ಹುಡುಗಿ, "ಮೇಡಂ, ಮುಟ್ಟಬಹುದಾ?" ಅಂದಳು.

"ಯಾರವ್ವಾ ನೀನು? ಏನನ್ನ ಮುಟ್ಟಬೇಕು?"

ವೈಟ್‌ಫೀಲ್ಡಿನ ನನ್ನ ಹಳೇ ಆಫೀಸಿನ ಟೀಮ್ ಲೀಡ್ ಅಂತೆ. ಮೂವತ್ತು ವರ್ಷದ ಹಿಂದೆ ಒಂದು ವಿಮಾ ಪ್ರೋಗ್ರಾಮಿನ ಸಾಲಿನ ಮೇಲೆ, "ಮುಟ್ಟುವ ಮುಂಚೆ ನನ್ನನ್ನು ಕೇಳಿ" ಎಂದು ಇಂಗ್ಲಿಷಿನಲ್ಲಿ ಬರೆದು ಹೆಸರು ಹಾಕಿದ್ದೆ. ಅಂದಿನಿಂದ ಯಾರೂ ಮುಟ್ಟಿಲ್ಲವಂತೆ. ಮನೆಯಲ್ಲಿ ನನ್ನ ಕನ್ನಡಕವನ್ನೂ ಕೇಳಿ ಮುಟ್ಟುವವರಿಲ್ಲ. ಹಿಗ್ಗಿಹೋದೆ.

"ಬೇಡ," ಅಂದೆ.

"ಯಾಕೆ ಮೇಡಂ?"

ಯಾಕೆಂದು ನನಗೇ ನೆನಪಿರಲಿಲ್ಲ. "ಬಂದು ನೋಡಿ ಹೇಳ್ತೀನಿ," ಅಂದೆ. ಅಷ್ಟಕ್ಕೇ ಮೂರು ತಿಂಗಳ ಕೆಲಸ ಸಿಕ್ಕಿತು.

ನೋಟ್‌ಬುಕ್ಕು

ಟೀಮಿಗೆ ಕೋಬಾಲ್ ಕಲಿಸಲೂ ಹೇಳಿದರು. ಅದರಲ್ಲಿ ಸಾಲು ಎಷ್ಟನೇ ಮನೆಯಿಂದ ಶುರುವಾಗಬೇಕು ಎಂಬುದಕ್ಕೂ ನಿಯಮವಿದೆ. ಹಾಗಾಗಿ ಎಲ್ಲರಿಗೂ ಚೌಕದ ಗೆರೆಯ ಲೆಕ್ಕದ ನೋಟ್‌ಬುಕ್ ಹಂಚಿದೆ. ನಮ್ಮ ಕಾಲದಲ್ಲಿ ಮಶೀನ್ ದಿನಕ್ಕೊಂದೇ ಸಲ ಸಿಗುತ್ತಿತ್ತು. ಬರೆದದ್ದನ್ನು ಪಕ್ಕದ ಗೆಳತಿ ಬೆರಳಿಟ್ಟು ಓದಿ ತಪ್ಪು ಹಿಡಿಯುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು, ಈಗ ಆ ಬೆರಳು ಬೇಕೆನಿಸುತ್ತದೆ.

ಟೀಮ್ ಲೀಡ್ ಎರಡು ಪುಟ ಬರೆದು ಕೇಳಿದಳು, "ಮೇಡಂ, ಇದು ಎಲ್ಲಿ ಸೇವ್ ಆಗುತ್ತೆ?"

"ನಿನ್ನ ಬ್ಯಾಗಲ್ಲಿ ಕಣೇ!"

ಆಯುಧಪೂಜೆ

ಮೂರನೇ ತಿಂಗಳು ಗುಟ್ಟು ಸಿಕ್ಕಿತು. ಆ ಸಾಲು ಏನೂ ಮಾಡುತ್ತಿರಲಿಲ್ಲ! ಯಾವುದೋ ಪರೀಕ್ಷೆಗೆ ಹಾಕಿ, ನಾಳೆ ತೆಗೆದರಾಯಿತು ಎಂದು ಮರೆತಿದ್ದೆ. ಹೇಳಿದರೆ ಕೆಲಸ ಮುಗಿಯಿತು, ಮತ್ತೆ ಶೇಂಗಾ. ಎರಡು ದಿನ ಬಾಯಿ ಬಿಡಲಿಲ್ಲ.

ಆಯುಧಪೂಜೆಯ ದಿನ ಲ್ಯಾಪ್‌ಟಾಪು, ಕಾಫಿ ಮಶೀನ್, ಎಲ್ಲಕ್ಕೂ ಕುಂಕುಮ ಬಿತ್ತು. ಮೇನ್‌ಫ್ರೇಮ್ ಮಾತ್ರ ಯಾವುದೋ ದೇಶದಲ್ಲಿತ್ತು. ಟೀಮ್ ಲೀಡ್ ಚೆಂಡುಹೂವಿನ ಹಾರ ಹಿಡಿದು ಅತ್ತಿತ್ತ ನೋಡಿ, ನೇರ ನನ್ನ ಬಳಿ ಬಂದಳು.

"ಒಂದ್ನಿಮಿಷ ಅಲ್ಲಾಡ್ಬೇಡಿ ಮೇಡಂ. ಇಲ್ಲಿರೋ ಹಳೇ ಮಶೀನ್ ನೀವೊಬ್ರೇ."

ಕೊರಳಿಗೆ ಹಾರ ಬಿದ್ದ ಮೇಲೆ ಗುಟ್ಟು ಬಚ್ಚಿಡಲು ಮನಸ್ಸಾಗಲಿಲ್ಲ. "ಆ ಸಾಲು ತೆಗೆದುಬಿಡು. ಅದರಿಂದ ಏನೂ ಆಗಲ್ಲ," ಅಂದೆ.

"ಇವತ್ತು ಆಯುಧ ಮುಟ್ಟಬಾರ್ದು ಮೇಡಂ, ಹಬ್ಬ ಮುಗೀಲಿ," ಅಂದಳು.

ಹಬ್ಬ ಮುಗಿದ ಮೇಲೆ, ಇದೇ ಕೊನೆಯ ದಿನ ಎಂದುಕೊಂಡು ಭಾರವಾದ ಮನಸ್ಸಿನಿಂದ ಪ್ರೋಗ್ರಾಮ್ ತೆರೆದೆ. ನನ್ನ ಸಾಲು ಅಲ್ಲೇ ಇತ್ತು. ಕೆಳಗೆ ಅವಳ ಹೊಸ ಟಿಪ್ಪಣಿ: "ಮೇಡಂನ ಕೇಳಿದೆ. ಮುಟ್ಟಬಹುದಂತೆ. ಆದರೂ ಮುಟ್ಟಿಲ್ಲ. ಯಾಕೆಂದು ಅವರನ್ನೇ ಕೇಳಿ, ಇನ್ನೊಂದು ವರ್ಷ ಇಲ್ಲೇ ಇರುತ್ತಾರೆ."